ಅತ್ತೆಬೆಟ್ಟದ ಆರು ಮೊಟ್ಟೆ

ತೊಪಿರಿತನ ಮುಖಕ್ಕಿಂತ ಅವನ ಅಂಗಾಲುಗಳೇ ನನಗೆ ಹೆಚ್ಚು ಪರಿಚಯ. ಬಲಗಾಲಿನ ಹೆಬ್ಬೆರಳು ಸ್ವಲ್ಪ ಸೊಟ್ಟ, ಎಡ ಹಿಮ್ಮಡಿಯಲ್ಲಿ ಒಂದು ಹಳೆಯ ಸುಟ್ಟ ಕಲೆ. ನಲವತ್ತು ವರ್ಷಗಳಲ್ಲಿ ನಾನು ಅವನನ್ನು ಮಾತಾಡಿಸಿದ್ದು ಹೆಚ್ಚಾಗಿ ಆ ಕಾಲುಗಳ ಮೂಲಕವೇ. ತಲೆ, ಹೆಗಲು, ಹೊಟ್ಟೆ ಎಲ್ಲ ಮರಳಿನ ಗುಂಡಿಯೊಳಗೆ. ಹೊರಗೆ ಎರಡು ಕಾಲು. ನಾನು ಕಾಲಿಗೆ ಪ್ರಶ್ನೆ ಕೇಳುತ್ತಿದ್ದೆ, ಉತ್ತರ ನೆಲದೊಳಗಿಂದ ಬರುತ್ತಿತ್ತು. ಹೋದ ತಿಂಗಳು ಅವನನ್ನು ಪೆಟ್ಟಿಗೆಯಲ್ಲಿ ಮಲಗಿಸಿದಾಗ ಕಾಲಿಗೆ ಬಿಳಿಯ ಕಾಲುಚೀಲ ಹಾಕಿದ್ದರು. ಅವನು ಹುಟ್ಟಿದಾಗಿನಿಂದ ಕಾಲುಚೀಲ ಹಾಕಿದವನಲ್ಲ. ಇವನು ಬೇರೆ ಯಾರೋ ಅನ್ನಿಸಿ ನನಗೆ ಅಲ್ಲಿ ಅಳು ಬರಲಿಲ್ಲ. ಮನೆಗೆ ಬಂದ ಮೇಲೆ ಬಂತು.

ನಮ್ಮ ಮತುಪಿಟ್ ದ್ವೀಪದ ಎದುರಿಗೇ, ಸಣ್ಣದೊಂದು ಕೊಲ್ಲಿಯ ಆಚೆ, ತವುರ್ವುರ್ ಬೆಟ್ಟವಿದೆ. ಬೆಂಕಿಯ ಬೆಟ್ಟ. ಅದರ ಬುಡದ ಮರಳು ವರ್ಷವಿಡೀ ಬೆಚ್ಚಗಿರುತ್ತದೆ. ಕೋಳಿಯ ಗಾತ್ರದ ಒಂದು ಕಪ್ಪು ಕಾಡುಹಕ್ಕಿ ಅಲ್ಲಿಗೆ ಬಂದು, ಆಳಕ್ಕೆ ಕೆದರಿ, ಮೊಟ್ಟೆಯಿಟ್ಟು, ಮುಚ್ಚಿ, ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ. ಕಾವು ಕೊಡುವ ಕೆಲಸ ಬೆಟ್ಟದ್ದು. ಮೊಟ್ಟೆ ಕೋಳಿಮೊಟ್ಟೆಯ ಎರಡರಷ್ಟು ದೊಡ್ಡದು, ಒಳಗೆ ಬಹುಪಾಲು ಹಳದಿ. ಅದನ್ನು ಅಗೆದು ತೆಗೆಯುವುದು ನಮ್ಮೂರಿನ ಕಸುಬು. ಗುಂಡಿ ತೋಡಿ, ತಲೆಕೆಳಗಾಗಿ ಇಳಿದು, ಬರಿಗೈಯಲ್ಲಿ ಮರಳು ಸವರುತ್ತ ಹುಡುಕಬೇಕು. ಯಾವ ಗುಂಡಿ ಯಾವ ಕುಲದ್ದು ಅನ್ನುವ ಲೆಕ್ಕ ಪಕ್ಕಾ ಇದೆ. ನಮ್ಮಲ್ಲಿ ನೆಲವೆಲ್ಲ ತಾಯಿಯ ಕಡೆಯಿಂದಲೇ ಬರುತ್ತದೆ. ತೊಪಿರಿತ್ ಅಗೆಯುತ್ತಿದ್ದ ನೆಲ ಅವನ ಹೆಂಡತಿ ಇಯಾಕುನಾಯಳ ತಾಯಿಯದು. ಅಳಿಯ ಅಲ್ಲಿ ಅಗೆಯಬಹುದು, ನನ್ನದು ಅನ್ನುವಂತಿಲ್ಲ.

ಆ ತಾಯಿಯ ಹೆಸರು ಇಯಾಲಿಪ್. ನಾನು ಹೇಳಬಹುದು, ನನಗೆ ಅವಳು ಏನೂ ಆಗಬೇಕಾಗಿಲ್ಲ. ಅಳಿಯನಾದವನು ಅತ್ತೆಯ ಹೆಸರು ಬಾಯಲ್ಲಿ ಎತ್ತುವಂತಿಲ್ಲ, ಅವಳೆದುರು ಸಲಿಗೆಯಿಂದ ನಡೆಯುವಂತಿಲ್ಲ. ಇದು ಎಲ್ಲರಿಗೂ ಇರುವ ಕಟ್ಟಳೆ. ಆದರೆ ತೊಪಿರಿತನ ಕಷ್ಟ ಬೇರೆಯೇ ಇತ್ತು. ಅವನು ಮೇಲಿನ ಒಳನಾಡಿನ ಊರಿನವನು. ನಮ್ಮ ಚರ್ಚಿನ ಹಾಡಿನ ಪಂದ್ಯಕ್ಕೆ ಬಂದಾಗ ಇಯಾಕುನಾಯಳನ್ನು ನೋಡಿದ, ಅವಳು ಇವನನ್ನು ನೋಡಿ ನಕ್ಕಳು, ಅಲ್ಲಿಗೆ ಮುಗಿಯಿತು. ಮೊದಲ ಸಲ ಹೆಣ್ಣಿನ ಮನೆಗೆ ಬಂದವನು ಅಡಿಕೆ ಜಗಿಯಲು ಕೊಟ್ಟರೆ ಅದನ್ನು ಕೈಜಾರಿ ಬೀಳಿಸಿದ. ಎತ್ತಿಕೊಳ್ಳಲು ಬಗ್ಗಿದ. ಬಗ್ಗಿದಾಗ ಹೊಸ ಲುಂಗಿ ಬಿಚ್ಚಿಕೊಂಡಿತು. ಇಯಾಲಿಪ್ ಸರಿಯಾಗಿ ಅವನ ಹಿಂದೆಯೇ ಕುಳಿತಿದ್ದಳು. ಅವಳು ಸ್ವಲ್ಪ ಹೊತ್ತು ನೋಡಿ, ಮಗಳ ಕಡೆ ತಿರುಗಿ, "ಮುಖ ಯಾವಾಗ ತೋರಿಸ್ತಾನಂತೆ?" ಎಂದು ಕೇಳಿದಳು.

ಮದುವೆಯೇನೋ ಆಯಿತು. ಆದರೆ ಆಮೇಲೆ ಹನ್ನೊಂದು ವರ್ಷ ಆ ಮುದುಕಿ ಅವನಿಗೆ ಬಿಸಿ ಅಡುಗೆ ಬಡಿಸಲಿಲ್ಲ. ಮಿಕ್ಕವರೆಲ್ಲ ತೆಂಗಿನಹಾಲಲ್ಲಿ ಬೆಂದ ಕೆಸುವಿನ ಗಡ್ಡೆ ತಿನ್ನುವಾಗ ಇವನಿಗೆ ನಿನ್ನೆಯ ತಣ್ಣನೆ ಬಾಳೆಕಾಯಿ. ಅವನು ಅವಳ ಮನೆಯ ಚಾವಣಿ ಕಟ್ಟಿಕೊಟ್ಟ, ಸೌದೆ ಒಡೆದ, ಅವಳ ಹಂದಿಗೆ ಕಾಯಿಲೆಯಾದಾಗ ಎರಡು ದಿನ ಅದರ ಪಕ್ಕದಲ್ಲೇ ಮಲಗಿದ. ಹಂದಿ ಬದುಕಿತು, ಬಾಳೆಕಾಯಿ ಬಿಸಿಯಾಗಲಿಲ್ಲ. ಕೊನೆಗೆ ಅವಳು ಸಾಯುವಾಗ, ನಾನು ನಮ್ಮ ಹಿರಿಯರ ಜೊತೆ ಆ ಬೆಟ್ಟದೊಳಗೆ ಹೋಗಿ ಕೂರುತ್ತೇನೆ, ಅಲ್ಲಿಂದ ಎಲ್ಲ ಕಾಣುತ್ತದೆ ಎಂದಳು. ಅವಳ ಕುಲದವರು ಎಲ್ಲರೂ ಸಾಯುವಾಗ ಹೇಳುವ ಮಾತೇ ಅದು. ತೊಪಿರಿತ್ ಮಾತ್ರ ಅದು ತನಗೇ ಹೇಳಿದ್ದೆಂದು ತಿಳಿದ.

ಅಂದಿನಿಂದ ಬೆಟ್ಟವೇ ಅವನಿಗೆ ಅತ್ತೆಯಾಯಿತು. ಬೆಟ್ಟದ ಹೆಸರು ಹೇಳುವುದು ನಿಂತಿತು. 'ಅವರು', 'ಆ ಕಡೆಯವರು' ಅನ್ನತೊಡಗಿದ. ಬೆಟ್ಟಕ್ಕೆ ಬೆನ್ನು ತೋರಿಸುವುದನ್ನೂ ಬಿಟ್ಟ. ಹೇಳುವುದು ಸುಲಭ, ಮತುಪಿಟ್‌ನಲ್ಲಿದ್ದುಕೊಂಡು ಮಾಡುವುದು ಕಷ್ಟ. ಇಲ್ಲಿ ಎತ್ತ ತಿರುಗಿದರೂ ಅದಿದೆ. ಮನೆಯ ಬಾಗಿಲನ್ನು ಕಿತ್ತು ಇನ್ನೊಂದು ಗೋಡೆಗೆ ಕೂರಿಸಿದ. ಚರ್ಚಿನಲ್ಲಿ ನಮಗೆಲ್ಲ ಪಾದ್ರಿಯ ಮುಖ ಕಂಡರೆ ಇವನಿಗೆ ಕಿಟಕಿ. ಮೊಟ್ಟೆ ತೆಗೆದು ದೋಣಿಯಲ್ಲಿ ಮರಳುವಾಗ ಬೆಟ್ಟಕ್ಕೆ ಮುಖ ಮಾಡಿ ಕುಳಿತು ಹಿಂದಕ್ಕೆ ಹುಟ್ಟು ಹಾಕುತ್ತಿದ್ದ. ಹೀಗೆ ಬಂದವನು ಒಮ್ಮೆ ಪಾದ್ರಿಯ ದೋಣಿಗೇ ಗುದ್ದಿ, ಪಾದ್ರಿ, ಅವರ ಕನ್ನಡಕ, ದೀಕ್ಷಾಸ್ನಾನದ ದಾಖಲೆ ಪುಸ್ತಕ, ಮೂರನ್ನೂ ನೀರಿಗೆ ಹಾಕಿದ. ಕನ್ನಡಕ ಸಿಗಲಿಲ್ಲ. ಆ ವರ್ಷ ಹುಟ್ಟಿದ ನಮ್ಮೂರ ಮಕ್ಕಳ ಹೆಸರುಗಳು ದಾಖಲೆಯಲ್ಲಿ ಇವತ್ತಿಗೂ ನೀಲಿಯ ಮಚ್ಚೆಗಳಾಗಿವೆ.

ಎಲ್ಲಕ್ಕಿಂತ ತೊಂದರೆ ಗುಂಡಿಯದು. ಬೇರೆಯವರು ಗುಂಡಿಯ ಮೇಲ್ಮಗ್ಗುಲಲ್ಲಿ ಮಂಡಿಯೂರಿ ಕಡಲ ಕಡೆ ತಲೆ ಮಾಡಿ ಇಳಿಯುತ್ತಾರೆ. ಇಳಿಜಾರಿನಿಂದ ಜಾರುವ ಮರಳಿಗೆ ಅವರ ಮೈಯೇ ತಡೆ. ಆದರೆ ಹಾಗೆ ಇಳಿದರೆ ಅಂಡು ನೇರವಾಗಿ ಬೆಟ್ಟದ ಕಡೆಗೆ. ಒಮ್ಮೆ ಆದದ್ದೇ ಸಾಕು ಅಂದ ತೊಪಿರಿತ್ ಕೆಳಗಿನಿಂದ, ಬೆಟ್ಟಕ್ಕೆ ತಲೆಬಾಗಿದ ಹಾಗೆ ಇಳಿಯುತ್ತಿದ್ದ. ಮೇಲಿನ ಮರಳೆಲ್ಲ ಅವನ ಕತ್ತಿನ ಮೇಲೆ. ಮೂರು ಸಲ ನಾವು ಅವನನ್ನು ಕಾಲು ಹಿಡಿದು ಎಳೆದು ಬದುಕಿಸಿದ್ದೇವೆ. ಉಳಿದವರು ಹತ್ತು ಮೊಟ್ಟೆ ತೆಗೆಯುವಷ್ಟರಲ್ಲಿ ಇವನು ನಾಲ್ಕು ತೆಗೆದು, ಕಿವಿಯೊಳಗಿನ ಮರಳು ಕೊಡವಿಕೊಳ್ಳುತ್ತಿದ್ದ.

ನಗುತ್ತಿದ್ದೆವು, ನಿಜ. ಆದರೆ ಅವನಷ್ಟು ಹೊತ್ತು ಯಾರೂ ಆ ಮರಳಿಗೆ ಕಿವಿ ಕೊಟ್ಟಿರಲಿಲ್ಲ. ಮೊಟ್ಟೆ ಸಿಕ್ಕ ಮೇಲೂ ಸ್ವಲ್ಪ ಹೊತ್ತು ಒಳಗೇ ಇರುತ್ತಿದ್ದ. ಏನು ಮಾಡುತ್ತೀಯ ಎಂದು ಕಾಲನ್ನು ಕೇಳಿದರೆ, ಮನೆಯ ಸುದ್ದಿ ಹೇಳುತ್ತಿದ್ದೇನೆ ಅನ್ನುತ್ತಿದ್ದ. ಯಾವ ಮಗುವಿಗೆ ಜ್ವರ, ಯಾರ ನಾಯಿ ಯಾರ ಕೋಳಿ ಹಿಡಿಯಿತು, ಎಲ್ಲ. ಆಮೇಲೆ ಸುಮ್ಮನೆ ಅಂಗೈ ಊರಿ ಮಲಗುತ್ತಿದ್ದ. ನಾನು ಶಾಲೆಯ ಮೇಷ್ಟ್ರು, ದೇವರು ಮತ್ತು ಪ್ರಕೃತಿಯ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದವನು. ಓದಿ ಮುಗಿಸಿ ದೀಪ ಆರಿಸಿದ ಮೇಲೆ ಪ್ರಕೃತಿಯ ಹತ್ತಿರ ನನಗೆ ಹೇಳುವುದು ಏನೂ ಇರುತ್ತಿರಲಿಲ್ಲ. ಅವನಿಗೆ ದಿನಾ ಏನಾದರೂ ಇರುತ್ತಿತ್ತು.

ತೊಂಬತ್ತನಾಲ್ಕರ ಸೆಪ್ಟೆಂಬರ್. ನಮ್ಮ ದೇಶದ ಸ್ವಾತಂತ್ರ್ಯದ ದಿನಾಚರಣೆ ಮುಗಿದ ಮಾರನೆಯ ದಿನ, ಶನಿವಾರ ಮಧ್ಯಾಹ್ನ, ತೊಪಿರಿತ್ ಎಲೆಯ ಪೊಟ್ಟಣವೊಂದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮನೆಗೆ ಬಂದ. ಒಳಗೆ ಆರು ಮೊಟ್ಟೆ. ಒಂದನ್ನು ತೆಗೆದು ಮೇಜಿನ ಅಂಚಿಗೆ ಕುಟ್ಟಿದ. ನಾನು ಪುಸ್ತಕಗಳನ್ನು ಸರಿಸಿದೆ. ಏನೂ ಚೆಲ್ಲಲಿಲ್ಲ. ಸಿಪ್ಪೆ ಬಿಡಿಸಿದರೆ ಮೊಟ್ಟೆ ಗಟ್ಟಿಯಾಗಿ ಬೆಂದಿತ್ತು.

"ನೆಲದಿಂದ ಹಿಂಗೇ ಬಂತು ಮೇಷ್ಟ್ರೇ," ಎಂದ. ಅವನ ಕಣ್ಣಲ್ಲಿ ನೀರಿತ್ತು. "ಬಡಿಸಿದ್ರು."

ಮಣ್ಣು ಸ್ವಲ್ಪ ಹೆಚ್ಚು ಕಾದಿರಬೇಕು ಎಂದೆ ನಾನು.

"ಒಲೆ ಹಚ್ಚದೆ ಅಡುಗೆ ಆಗುತ್ತಾ? ಹತ್ತೊಂಬತ್ತು ವರ್ಷ ಆಯ್ತು ಮೇಷ್ಟ್ರೇ, ಮದುವೆಯಾಗಿ. ಇವತ್ತು ಬಿಸಿ ಊಟ."

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಹತ್ತು ವರ್ಷದಿಂದ ಮಕ್ಕಳಿಗೆ ಭೂಮಿಯ ಒಳಗಿನ ಪದರಗಳನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಕಲಿಸುತ್ತಿದ್ದ ನಾನು, ಬೆಂಕಿಬೆಟ್ಟದ ಬುಡದ ಮರಳಿನಲ್ಲಿ ಮೊಟ್ಟೆ ತಾನಾಗಿ ಬೆಂದಿದೆ ಅಂದರೆ ಅರ್ಥವೇನು ಎಂದು ಯೋಚಿಸಲಿಲ್ಲ. ಉಪ್ಪು ತಂದೆ. ಎರಡು ತಿಂದೆ. ಚೆನ್ನಾಗಿತ್ತು.

ನಮ್ಮಲ್ಲಿ ಯಾರಾದರೂ ಬೇಯಿಸಿ ಬಡಿಸಿದರೆ ತಿಂದವನು ತಿರುಗಿ ಬೇಯಿಸಿ ಬಡಿಸಲೇಬೇಕು, ಅದೂ ಬೇಗ. ಮಾಡದಿದ್ದರೆ ಕೊಟ್ಟವರ ಮುಖಕ್ಕೆ ಉಗಿದ ಹಾಗೆ. ತೊಪಿರಿತ್ ಆ ಸಂಜೆಯೇ ತನ್ನ ಹಂದಿಯನ್ನು ಕೊಯ್ದ, ಕೆಸುವಿನ ಗಡ್ಡೆ ಕಿತ್ತ, ಹತ್ತು ತೆಂಗಿನಕಾಯಿ ತುರಿದ.

ಭಾನುವಾರ ಬೆಳಗಾಗುವ ಮೊದಲೇ ನೆಲ ನಡುಗಿ ಊರೆಲ್ಲ ಎದ್ದು ಕುಳಿತಿತು. ಆಮೇಲೆ ನಡುಕ ನಿಲ್ಲಲಿಲ್ಲ. ಪಾತ್ರೆಗಳು ಕಪಾಟಿನಿಂದ ಒಂದೊಂದಾಗಿ ಇಳಿದು ಬಂದವು. ಕಡಲು ಹಿಂದೆ ಸರಿಯಿತು, ಮುಂದೆ ಬಂತು, ಮತ್ತೆ ಹಿಂದೆ ಸರಿಯಿತು. ಹಿರಿಯರು ಹೊರಡಿ ಎಂದರು. ಮಧ್ಯಾಹ್ನದ ಹೊತ್ತಿಗೆ ಜನ ಚಾಪೆ, ಕೋಳಿ, ಅಜ್ಜಿಯಂದಿರನ್ನು, ದ್ವೀಪಕ್ಕೆ ಕಟ್ಟಿದ ಏರಿ ರಸ್ತೆಯಲ್ಲಿ ಬಂದ ಲಾರಿಗಳಿಗೆ ಏರಿಸುತ್ತಿದ್ದರು. ನಾನು ಹೊರಡುವವನಿರಲಿಲ್ಲ. ಹತ್ತು ವರ್ಷದ ಹಿಂದೆಯೂ ತಿಂಗಳುಗಟ್ಟಲೆ ಹೀಗೇ ನಡುಗಿ, ನಾವೆಲ್ಲ ಗಂಟು ಕಟ್ಟಿ ಬಿಚ್ಚಿ ಕಟ್ಟಿ, ಕೊನೆಗೆ ಏನೂ ಆಗಿರಲಿಲ್ಲ. ಪುಸ್ತಕಗಳನ್ನು ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಬಾಗಿಲು ಹಾಕಿಕೊಂಡು ಮಲಗಿದರಾಯಿತು ಎಂದುಕೊಂಡಿದ್ದೆ.

ಅಷ್ಟರಲ್ಲಿ ಇಯಾಕುನಾಯ್ ಬಂದಳು. ನಾಲ್ಕು ಮಕ್ಕಳನ್ನು ಅವಳ ತಮ್ಮನ ಜೊತೆ ಲಾರಿ ಹತ್ತಿಸಿ ಬಂದಿದ್ದಳು. ಗಂಡ ಇಲ್ಲ. ಬೆಳಗ್ಗೆಯೇ ಹಂದಿ, ಗಡ್ಡೆ, ಕಲ್ಲು, ಸೌದೆ ಎಲ್ಲವನ್ನೂ ದೋಣಿಗೆ ತುಂಬಿಕೊಂಡು ಬೆಟ್ಟದ ಬುಡಕ್ಕೆ ಹೋಗಿದ್ದಾನೆ. ಅಲ್ಲೇ ಬೇಯಿಸಿ ಅಲ್ಲೇ ಬಡಿಸುತ್ತಾನಂತೆ.

"ಅಣ್ಣ, ನನ್ನ ಮಾತು ಕೇಳಲ್ಲ ಅವನು. ನೀನು ಓದಿದೋನು, ಏನಾದ್ರೂ ಹೇಳು ಬಾ," ಎಂದಳು.

ನಾವಿಬ್ಬರೂ ಇನ್ನೊಂದು ದೋಣಿಯಲ್ಲಿ ದಾಟಿದೆವು. ನೀರು ನಿಂತಲ್ಲೇ ಕುಣಿಯುತ್ತಿತ್ತು. ದಡದ ನೆಲ ಬೆಳಗಿನಿಂದ ಮೇಲೆದ್ದಿದ್ದರಿಂದ ದೋಣಿ ಹಿಂದಿನ ಜಾಗದವರೆಗೆ ಹೋಗಲಿಲ್ಲ. ಮೊಣಕಾಲುದ್ದ ಕೆಸರಲ್ಲಿ ನಡೆದೆವು. ಬೆಟ್ಟದಿಂದ ಸಣ್ಣ ಕಲ್ಲುಗಳು ಉರುಳುತ್ತಿದ್ದವು. ತೊಪಿರಿತ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬೆಟ್ಟಕ್ಕೆ ಮುಖ ಮಾಡಿ, ಕಾಯಿಸಿದ ಕಲ್ಲುಗಳ ನಡುವೆ ಹಂದಿ ಹೂತು ಎಲೆ ಮುಚ್ಚಿದ ಒಲೆಯ ಪಕ್ಕ ಕುಳಿತು ನೊಣ ಓಡಿಸುತ್ತಿದ್ದ. ಕಾಡುಹಕ್ಕಿ ಒಂದೂ ಇರಲಿಲ್ಲ. ಅದನ್ನು ಅವನೂ ಗಮನಿಸಿದ್ದ.

"ಹಕ್ಕಿಗಳನ್ನೆಲ್ಲ ಆಚೆ ಕಳಿಸಿದಾರೆ ನೋಡಿ. ಊಟದ ಹೊತ್ತಲ್ಲಿ ಗಲಾಟೆ ಬೇಡ ಅಂತ."

ನಾನು ಶುರು ಮಾಡಿದೆ. ಭೂಮಿಯ ಪದರಗಳು, ಕರಗಿದ ಬಂಡೆ, ಆವಿಯ ಒತ್ತಡ. ಅವನು ಶಾಲೆಯ ಮಗುವಿನಂತೆ ಕೊನೆಯವರೆಗೂ ಕೇಳಿ, "ಮೇಷ್ಟ್ರೇ, ನಿಮ್ಮ ಗಂಟು ಕಟ್ಟಿದೀರಾ?" ಎಂದ. ಇಲ್ಲ ಎಂದೆ. "ಹಂಗಾದ್ರೆ ಹೋಗಿ ಮಲಗಿ. ಹಂದಿ ಬೇಯೋಕೆ ಇನ್ನೆರಡು ಗಂಟೆ ಬೇಕು. ಬಡಿಸದೆ ನಾನೆಂಗೆ ಎದ್ದು ಬರಲಿ? ಹತ್ತೊಂಬತ್ತು ವರ್ಷಕ್ಕೆ ಒಂದ್ಸಲ ಕರೆದಿದಾರೆ."

ಅವನನ್ನು ಹೊತ್ತುಕೊಂಡು ಹೋಗೋಣವೆಂದರೆ ನನ್ನ ಎರಡರಷ್ಟಿದ್ದ. ಇಯಾಕುನಾಯ್ ಅಳಬಹುದು ಎಂದುಕೊಂಡೆ. ಅವಳು ಅಳಲಿಲ್ಲ. ಗಂಡನ ಎದುರಿಗೆ, ಬೆಟ್ಟಕ್ಕೆ ಆರಾಮವಾಗಿ ಬೆನ್ನು ಹಾಕಿ ಕುಳಿತಳು. ಅವಳ ತಾಯಿ, ಅವಳಿಗೇನು. ಮೊಟ್ಟೆ ಎಷ್ಟಿತ್ತು ಎಂದು ಕೇಳಿದಳು. ಆರು ಎಂದ. ಜೊತೆಗೆ ಗಡ್ಡೆ ಇತ್ತಾ ಎಂದಳು. ಇರಲಿಲ್ಲ. ತೆಂಗಿನಹಾಲು? ಅದೂ ಇರಲಿಲ್ಲ.

"ಮತ್ತೆ ಅದ್ಯಾವ ಸೀಮೆ ಬಡಿಸೋದು?" ಎಂದಳು. "ನಮ್ಮವ್ವ ಕೂರಿಸಿ ಬಡಿಸಿದ್ರೆ ಬರೀ ಮೊಟ್ಟೆ ಕೊಡ್ತಿದ್ಲಾ? ಸಿಪ್ಪೆ ಸಮೇತ ಒಣ ಮೊಟ್ಟೆ ಕಟ್ಟಿ ಕೊಡೋದು ಹೊರಟೋರಿಗೆ. ಅದು ಬುತ್ತಿ. ದಾರೀಲಿ ತಿನ್ನಿ ಅಂತ ಕೊಟ್ಟಿದಾಳೆ, ನೀನು ಇಲ್ಲಿ ಬಂದು ಒಲೆ ಹೂಡಿದೀಯ."

ತೊಪಿರಿತ್ ನೊಣ ಓಡಿಸುವುದನ್ನು ನಿಲ್ಲಿಸಿದ. "ಬುತ್ತಿನಾ?"

"ಆರು ಮೊಟ್ಟೆ. ಮನೇಲಿ ಎಷ್ಟು ಜನ ನಾವು?"

ಅವನು ಬೆರಳು ಮಡಿಸಿದ. ತಾನು, ಅವಳು, ನಾಲ್ಕು ಮಕ್ಕಳು. ಮಡಿಸಿದ ಬೆರಳುಗಳನ್ನೇ ನೋಡುತ್ತ ಕುಳಿತ. ನೆಲ ಇನ್ನೊಮ್ಮೆ ಜೋರಾಗಿ ಅಲ್ಲಾಡಿ ಒಲೆಯ ಮೇಲಿನ ಎಲೆಗಳು ಜಾರಿದವು. ಅವನ ಮುಖ ಸಣ್ಣದಾಯಿತು.

"ಎರಡನ್ನ ಮೇಷ್ಟ್ರು ತಿಂದ್ರು," ಎಂದ.

ಇಯಾಕುನಾಯ್ ನನ್ನನ್ನು ನೋಡಿದಳು. ಅಷ್ಟು ನಡುಕದಲ್ಲೂ ನನಗೆ ನಾಚಿಕೆಯಾಯಿತು. ಉಪ್ಪು ಹಾಕಿಕೊಂಡು ತಿಂದಿದ್ದೆ ಎಂಬುದನ್ನು ಅವನು ಹೇಳಲಿಲ್ಲ, ಪುಣ್ಯ.

ತೊಪಿರಿತ್ ಎದ್ದು ಅಂಗಿಯ ಮರಳು ಕೊಡವಿದ. "ಬುತ್ತಿ ತಿಂದೋರು ಹೊರಡಲೇಬೇಕು. ಮೇಷ್ಟ್ರೇ, ನೀವೂ ಹೊರಡಬೇಕು. ನೀವು ಇಲ್ಲೇ ಉಳಿದರೆ ನಾನು ಅವರಿಗೆ ಏನಂತ ಹೇಳಲಿ? ಬುತ್ತಿ ತಿಂದು ಮಾತು ಕೇಳದೆ ಮಲಗಿದ್ರು ಅನ್ನಲಾ?"

ನಾನು ಪುಸ್ತಕ ಅಂದೆ. ಅವನು ಕೇಳಲಿಲ್ಲ. ನೀವು ಬಂದರೆ ಬರುತ್ತೇನೆ, ಇಲ್ಲದಿದ್ದರೆ ಹಂದಿ ಬೇಯುವವರೆಗೆ ಕೂರುತ್ತೇನೆ ಎಂದು ಮತ್ತೆ ಕೂರಲು ಹೊರಟ. ಇಯಾಕುನಾಯ್ ನನ್ನ ತೋಳು ಹಿಡಿದ ರೀತಿ ನೋಡಿದರೆ ಬೇಡವೆಂದರೆ ಮುರಿಯುತ್ತಿದ್ದಳು. ಆಗಲಿ ಎಂದೆ.

ಬೇಯುತ್ತಿದ್ದ ಹಂದಿಯನ್ನು ಅಲ್ಲೇ ಬಿಟ್ಟ. ಬೆಂದ ಮೇಲೆ ನೀವೇ ಬಡಿಸಿಕೊಳ್ಳಿ, ಒಳಗಡೆ ಗಡ್ಡೆಯೂ ಇದೆ ಎಂದು ಬೆಟ್ಟಕ್ಕೆ ವಿವರವಾಗಿ ಹೇಳಿದ. ಕೆಸರಿನಲ್ಲಿ ಹಿಂದಕ್ಕೆ ನಡೆದು ಎರಡು ಸಲ ಬಿದ್ದ. ದೋಣಿಯಲ್ಲಿ ಅವನು ಬೆಟ್ಟದ ಕಡೆ ಮುಖ ಮಾಡಿ ಹುಟ್ಟು ಹಾಕಿದ, ಅವಳು ಊರಿನ ಕಡೆ ಮುಖ ಮಾಡಿ ಹಾಕಿದಳು. ದೋಣಿ ಕೊಲ್ಲಿಯ ನಡುವೆ ಬುಗುರಿಯಂತೆ ತಿರುಗಿತು. ಅವರಿಬ್ಬರ ಜಗಳವನ್ನು ನಾನು ಎರಡು ದಿಕ್ಕಿನಿಂದಲೂ ಕೇಳಿದೆ. ಮುಂದೆ ಕುಳಿತು ಬುಟ್ಟಿಯಲ್ಲಿ ನೀರು ಹೊರಹಾಕುತ್ತಿದ್ದ ನನಗೆ ಅವರು ಕೊನೆಗೆ ಏನೋ ಪಿಸುಗುಟ್ಟಿಕೊಂಡದ್ದು ಕೇಳಿಸಲಿಲ್ಲ. ಆದರೆ ಆಮೇಲೆ ದೋಣಿ ನೆಟ್ಟಗೆ ಹೋಯಿತು. ಕೊನೆಯ ಲಾರಿಯ ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟು ಕುಳಿತು, ಬೆಟ್ಟ ಮರೆಯಾಗುವವರೆಗೆ ಅವನು ಕೈ ಕಟ್ಟಿಕೊಂಡಿದ್ದ.

ಸೋಮವಾರ ಬೆಳಗ್ಗೆ ಆರು ಗಂಟೆಗೆ ಲಾರಿಗಳು ನಮ್ಮನ್ನು ಇಳಿಸಿದ್ದ ಮೇಲಿನ ಬಯಲಿನಲ್ಲಿ ನಾವೆಲ್ಲ ಚಹಾದ ಸುತ್ತ ಕುಳಿತಿದ್ದಾಗ, ಎಲ್ಲರಿಗೂ ಬೆನ್ನು ಹಾಕಿ ಆ ದಿಕ್ಕಿಗೇ ನೋಡುತ್ತಿದ್ದ ತೊಪಿರಿತನೇ ಅದನ್ನು ಮೊದಲು ಕಂಡ. ಕೂಗಲಿಲ್ಲ. ಲೋಟ ಕೆಳಗಿಟ್ಟ.

"ಮೇಷ್ಟ್ರೇ, ಅವರು ಎದ್ದರು," ಎಂದ.

ಬೂದಿಯ ಕಂಬ ಮೇಲಕ್ಕೆ ಮೇಲಕ್ಕೆ ಹೋಗಿ, ಮೇಲೆ ಕೊಡೆಯಂತೆ ಬಿಚ್ಚಿತು. ಹೆಂಗಸರು ಪ್ರಾರ್ಥನೆ ಹಾಡತೊಡಗಿದರು. ಅವನು ನೆಲಕ್ಕೆ ಮಂಡಿಯೂರಿ ಎರಡೂ ಅಂಗೈಗಳನ್ನು ಮಣ್ಣಿಗೆ ಒತ್ತಿ ಹಿಡಿದಿದ್ದ. ಅವನ ಮುಖದಲ್ಲಿ ಭಯವಿರಲಿಲ್ಲ. ಮನೆಯ ಹಿರಿಯರು ಎದ್ದು ನಿಂತಾಗ ನಾವೂ ಕೂತಿರಬಾರದಲ್ಲ ಎಂದು ಮಕ್ಕಳಿಗಿರುತ್ತದಲ್ಲ, ಅಂಥದೊಂದು ಎಚ್ಚರ ಇತ್ತು. ನಾನೂ ಅವನ ಪಕ್ಕದಲ್ಲಿ ಅಂಗೈ ಊರಿದೆ. ಮಣ್ಣು ನಡುಗುತ್ತಿತ್ತು, ದೊಡ್ಡ ಪ್ರಾಣಿಯೊಂದರ ಪಕ್ಕೆಯಂತೆ. ಇಷ್ಟು ವರ್ಷ ನಾನು ಇದರ ಮೇಲೆ ನಡೆದಾಡಿದ್ದು ಯಾರದೋ ಅನುಮತಿಯಿಂದ ಅನ್ನಿಸಿತು. ಯಾವ ಪುಸ್ತಕದಲ್ಲೂ ನನಗೆ ಹಾಗೆ ಅನ್ನಿಸಿರಲಿಲ್ಲ.

ಒಂದು ಗಂಟೆ ಕಳೆದ ಮೇಲೆ ಕೊಲ್ಲಿಯ ಆಚೆಗಿನ ಇನ್ನೊಂದು ಬೆಟ್ಟವೂ ಬಾಯಿಬಿಟ್ಟಿತು. ತೊಪಿರಿತ್ ಬೆಚ್ಚಿ ಅತ್ತ ತಿರುಗಿದ, ಇತ್ತ ತಿರುಗಿದ. "ಅದ್ಯಾರು? ನಮ್ಮ ಕಡೆಯೋರಲ್ಲ," ಎಂದ. ಆಮೇಲೆ ಸ್ವಲ್ಪ ಯೋಚಿಸಿ, "ಯಾರಿಗೆ ಅತ್ತೆ ಆಗಬೇಕೋ ಅವನು ನೋಡ್ಕೊಳ್ಳಲಿ," ಎಂದು ಮತ್ತೆ ತನ್ನ ಬೆಟ್ಟದ ಕಡೆಗೇ ತಿರುಗಿದ.

ಆರು ವಾರದ ಮೇಲೆ ನಮ್ಮನ್ನು ಊರಿಗೆ ಬಿಟ್ಟಾಗ ನನ್ನ ಮನೆಯ ಚಾವಣಿ ಬೂದಿಯ ಭಾರಕ್ಕೆ ಕುಸಿದಿತ್ತು. ತೊಲೆಯೊಂದು ಮಂಚದ ಮೇಲೆ, ದಿಂಬಿನ ಕಡೆ ಬಿದ್ದಿತ್ತು. ಪುಸ್ತಕಗಳು ಒದ್ದೆ ಬೂದಿಯಲ್ಲಿ ಸೇರಿ ಗಟ್ಟಿಯಾಗಿದ್ದವು, ಹಾರೆಯಲ್ಲಿ ಮೀಟಬೇಕಾಯಿತು. ತೊಪಿರಿತ್ ಮಂಚ ನೋಡಿದ, ನನ್ನನ್ನು ನೋಡಿದ. ಹಾರೆ ತೆಗೆದುಕೊಂಡ.

ಅನೇಕರು ಒಳನಾಡಿನ ಹೊಸ ವಸತಿಗಳಲ್ಲೇ ನೆಲೆಸಿದರು. ಅವನು ತನ್ನ ಹಳೆಯ ಒಳನಾಡಿಗೆ ಹೋಗಬಹುದಿತ್ತು, ಹೋಗಲಿಲ್ಲ. ಹಕ್ಕಿಗಳು ಮರಳಿ ಬರುವ ಮೊದಲೇ ಅವನು ಬಂದ. ಬೂದಿಯ ಮೇಲೆ ಹೊಸ ಗುಂಡಿಗಳನ್ನು ತೋಡಿದ. ಆಮೇಲೆ ಇಪ್ಪತ್ತೇಳು ವರ್ಷ, ಎದೆಯಲ್ಲಿ ಕಫ ಕಟ್ಟಿ ಉಸಿರು ನಿಲ್ಲುವವರೆಗೂ, ದಿನಾ ಕೊಲ್ಲಿ ದಾಟಿದ. ಅಗೆಯಲು ಶಕ್ತಿಯಿಲ್ಲದ ಕೊನೆಯ ವರ್ಷಗಳಲ್ಲಿ ಬರೀ ಮಾತಾಡಿ ಬರುತ್ತಿದ್ದ.

ಮಣ್ಣು ಮಾಡಿದ ನಾಲ್ಕನೆಯ ದಿನ ನಾನು ಇಯಾಕುನಾಯಳ ಮನೆಗೆ ಹೋದೆ. ಅವಳು ಅವನ ಅಂಗಿಗಳನ್ನು ಮಡಿಸುತ್ತಿದ್ದಳು. ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ: ನಿನ್ನ ತಾಯಿ ನಿಜವಾಗಿ ಹೊರಟವರಿಗೆ ಬುತ್ತಿ ಕಟ್ಟುತ್ತಿದ್ದಳಾ?

"ನಮ್ಮವ್ವನಾ?" ಎಂದು ಅವಳು ನಕ್ಕಳು, ಕಣ್ಣು ಒರೆಸಿಕೊಂಡಳು. "ಯಾವತ್ತೂ ಇಲ್ಲ ಅಣ್ಣ. ಅವಳ ಮನೆಯಿಂದ ಹೊರಟೋರು ಹಸಿದುಕೊಂಡೇ ಹೋಗ್ತಿದ್ರು. ಅವತ್ತು ಹೆಂಗೋ ಬಾಯಿಗೆ ಬಂತು, ಹೇಳಿದೆ."

ಅವನಿಗೆ ಅದು ಗೊತ್ತಾಗಲೇ ಇಲ್ಲವಾ ಎಂದೆ.

"ಗೊತ್ತಾಗದೆ ಏನು. ಹನ್ನೊಂದು ವರ್ಷ ಅವಳ ಮನೇಲಿ ತಣ್ಣನೆ ಬಾಳೆಕಾಯಿ ತಿಂದೋನು. ದೋಣೀಲೇ ಹೇಳ್ದ. ನಿಮ್ಮವ್ವ ಅಂಥೋರಲ್ಲ, ಆದ್ರೆ ಅವರು ನನ್ನ ಹತ್ರ ಮಾತಾಡಬೇಕು ಅಂದ್ರೆ ನಿನ್ನ ಬಾಯಿ ಬಿಟ್ಟು ಇನ್ಯಾರ ಬಾಯೀಲಿ ಮಾತಾಡ್ತಾರೆ, ನಡಿ ಹೋಗೋಣ ಅಂದ."

ಅವಳು ಒಂದು ಅಂಗಿಯನ್ನು ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು.

"ಮೇಷ್ಟ್ರಿಗೆ ಮಾತ್ರ ಹೇಳಬೇಡ ಅಂದ. ವಾಪಸ್ ಪುಸ್ತಕದ ಹತ್ರ ಓಡಿಹೋಗ್ತಾರೆ ಅಂತ."